ಅಮೃತಾಪುರದ ಕಲ್ಲು ಗಣಕವೇರಿದರೆ ಯಾವ ಭಾಷೆಯಲ್ಲಿ ಮಾತಾಡಬೇಕು?

(ತರೀಕೆರೆ ಬಳಿಯ ಅಮೃತಾಪುರದಲ್ಲಿ, ಬೆಂಗಳೂರಿನಿಂದ ಬಂದಿದ್ದ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ನೀವೆಲ್ಲ ಈ ಗುಡಿಯನ್ನು ಸುತ್ತಿ ಬಂದಿದ್ದೀರಿ. ಕಡೆದ ಕಂಬಗಳ ಪಕ್ಕ ನಿಂತು ಪಟ ತೆಗೆಸಿಕೊಂಡಿದ್ದೀರಿ. ಸಂತೋಷ. ಈಗ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮುಖಮಂಟಪದ ಬಳಿ ನಿಂತಿರುವ ದೊಡ್ಡ ಶಾಸನದ ಕಲ್ಲನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದಿರಿ? ನೋಡಿದವರಲ್ಲಿ ಎಷ್ಟು ಜನ ಒಂದು ಸಾಲನ್ನಾದರೂ ಓದಿದಿರಿ?

ಇದು ನಿಮ್ಮನ್ನು ನಾಚಿಸಲು ಕೇಳಿದ ಪ್ರಶ್ನೆಯಲ್ಲ. ನಮ್ಮ ಶಾಲೆಗಳು ನಮಗೆ ಹಳಗನ್ನಡದ ಅಕ್ಷರ ಕಲಿಸಲಿಲ್ಲ. ಶಾಸನ ಎಂದರೆ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಅಷ್ಟೆ. ಆದರೆ ಈ ಕಲ್ಲು ಎಂಥದ್ದು ಗೊತ್ತೇ? ಇದರ ಮೇಲಿರುವ ಕನ್ನಡ ಪದ್ಯಗಳನ್ನು ಬರೆದವನು ಜನ್ನ. 'ಯಶೋಧರ ಚರಿತೆ' ಬರೆದ ಜನ್ನ. ಕವಿಚಕ್ರವರ್ತಿ ಎಂದು ಬಿರುದು ಪಡೆದ ಜನ್ನ. ಆ ಕಾವ್ಯ ಮುಗಿದದ್ದು 1209ರಲ್ಲಿ. ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಆತ ಈ ಊರಿನ ಕಲ್ಲಿಗೆ ಕನ್ನಡ ಬರೆದಿದ್ದ. ಒಬ್ಬ ಮಹಾಕವಿಯ ತರುಣ ವಯಸ್ಸಿನ ಬರಹ, ಆತನ ಕಾಲದಲ್ಲೇ ಕೆತ್ತಿದ್ದು, ಗಾಜಿನ ಪೆಟ್ಟಿಗೆಯಿಲ್ಲದೆ, ಟಿಕೆಟ್ಟಿಲ್ಲದೆ ನಮ್ಮೆದುರು ನಿಂತಿದೆ. ಇಂಥ ಭಾಗ್ಯ ಎಷ್ಟು ಭಾಷೆಗಳಿಗೆ ಇದೆ?

ಈ ಅಮೃತೇಶ್ವರ ದೇವಾಲಯ ಕಟ್ಟಿದ್ದು 1196ರಲ್ಲಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲ. ಕಟ್ಟಿಸಿದವನು ಅವನ ದಂಡನಾಯಕ ಅಮೃತೇಶ್ವರ. ದೊಡ್ಡ ಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಲ್ಲಿ ಕತೆಗಳಿವೆ. ದಕ್ಷಿಣಕ್ಕೆ 70 ಫಲಕ ರಾಮಾಯಣ. ಉತ್ತರಕ್ಕೆ 25 ಫಲಕ ಕೃಷ್ಣನ ಕತೆ, 45 ಫಲಕ ಮಹಾಭಾರತ. ಒಳಗಿನ ಭುವನೇಶ್ವರಿಗಳನ್ನು ತಲೆಯೆತ್ತಿ ನೋಡಿದಿರಲ್ಲ, ರೂವಾರಿ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಕಸುಬನ್ನು ಆರಂಭಿಸಿದ್ದು ಅಲ್ಲಿ ಎನ್ನುತ್ತಾರೆ ವಿದ್ವಾಂಸರು. ಮುಂದೆ ಸೋಮನಾಥಪುರದ ತನಕ ಹೋದ ಕೈ ಅದು. ಅಂದರೆ ಕವಿಯೊಬ್ಬ, ಶಿಲ್ಪಿಯೊಬ್ಬ, ಇಬ್ಬರೂ ತಮ್ಮ ಮೊದಮೊದಲ ಕೆಲಸವನ್ನು ಇಟ್ಟುಹೋದ ಊರು ಇದು.

ಇವತ್ತು ನಾನು ಮಾತಾಡಬೇಕಿರುವುದು ಈ ಕಲ್ಲಿನ ಹಳೆಯ ಕತೆಯನ್ನಲ್ಲ, ಮುಂದಿನ ಕತೆಯನ್ನು. ಕಲ್ಲುಗಳೆಲ್ಲ ಈಗ ಗಣಕಯಂತ್ರ ಏರುತ್ತಿವೆ. ತಾಳೆಗರಿಗಳು ಏರುತ್ತಿವೆ, ಪುಸ್ತಕಗಳು ಏರುತ್ತಿವೆ. ಒಳ್ಳೆಯದೇ ಆಯಿತು. ಆದರೆ ಏರಿಸುವವರು ಯಾರು? ಯಾವ ಭಾಷೆಯಲ್ಲಿ? ಏರಿದ ಮೇಲೆ ಬಾಗಿಲ ಕೀಲಿ ಯಾರ ಸೊಂಟದಲ್ಲಿ? ಇದು ಕನ್ನಡದ ಪ್ರಶ್ನೆ. ಬೋರ್ಡಿನ ಮೇಲೆ ಕನ್ನಡ ಬೇಕು ಎಂದು ಬೀದಿಗಿಳಿಯುವ ನಾವು ಈ ಪ್ರಶ್ನೆಯನ್ನು ಕೇಳದಿದ್ದರೆ ಇನ್ನಾರು ಕೇಳಬೇಕು?

ಒದ್ದೆ ಕಾಗದದಿಂದ ಆರಂಭ

ನಕಲು ತೆಗೆಯುವ ಕೆಲಸ ನಿನ್ನೆ ಮೊನ್ನೆಯದಲ್ಲ. ಬಿ. ಎಲ್. ರೈಸ್ ಎಂಬ ಹೆಸರನ್ನು ನೀವು ಕೇಳಿರಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಇಂಗ್ಲಿಷರವನು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆ ಹೊತ್ತು ಊರೂರು ಅಲೆಸಿ, ಸಾವಿರಾರು ಶಾಸನಗಳ ಪಡಿಯಚ್ಚು ತೆಗೆಸಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದವನು.

ಪಡಿಯಚ್ಚು ಎಂದರೆ ಏನು? ಕಲ್ಲನ್ನು ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಬೇಕು. ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ತಗ್ಗಿನೊಳಕ್ಕೆ ಕಾಗದವನ್ನು ಕೂರಿಸಬೇಕು. ಆಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಉಬ್ಬಿದ ಕಡೆ ಕಪ್ಪು, ಅಕ್ಷರದ ತಗ್ಗಿನಲ್ಲಿ ಬಿಳಿ. ಒಣಗಿದ ಮೇಲೆ ಮೆಲ್ಲನೆ ಬಿಡಿಸಿದರೆ ಕಲ್ಲಿನ ಮಾತು ಕಾಗದಕ್ಕೆ ಬಂದಿರುತ್ತದೆ. ಬಿಸಿಲಲ್ಲಿ, ಮುಳ್ಳಿನ ನಡುವೆ, ಹಾವಿನ ಹುತ್ತದ ಪಕ್ಕ ಕೂತು ಈ ಕೆಲಸ ಮಾಡಿದವರು ನಮ್ಮದೇ ನಾಡಿನ ನೌಕರರು. ಅವರಲ್ಲಿ ಬಹಳ ಜನರ ಹೆಸರು ಯಾವ ಪುಸ್ತಕದ ಮುಖಪುಟದ ಮೇಲೂ ಇಲ್ಲ.

ಈ ಅಮೃತಾಪುರದ ಶಾಸನ ಆ ಗ್ರಂಥಮಾಲೆಯ ಆರನೆಯ ಸಂಪುಟದಲ್ಲಿದೆ. ಅಚ್ಚಾದದ್ದು 1901ರಲ್ಲಿ. 'ತರೀಕೆರೆ 45' ಎಂಬುದು ಅದರ ಗುರುತು. ಅದನ್ನು ಹಿಡಿದುಕೊಂಡೇ ಆರ್. ನರಸಿಂಹಾಚಾರ್ಯರು 'ಕರ್ನಾಟಕ ಕವಿಚರಿತೆ'ಯಲ್ಲಿ ಜನ್ನನಿಗೆ ಈ ಶಾಸನವನ್ನೂ, ಚನ್ನರಾಯಪಟ್ಟಣದ 179ನೆಯ ಶಾಸನವನ್ನೂ ಸೇರಿಸಿದರು. ಕಾವ್ಯದ ಕವಿ ಕಲ್ಲಿನಲ್ಲೂ ಬರೆದಿದ್ದಾನೆ ಎಂದು ಓದುಗರಿಗೆ ಗೊತ್ತಾದದ್ದು ಹೀಗೆ. ಆ ಪಡಿಯಚ್ಚು ಇಲ್ಲದಿದ್ದರೆ ಆ ಮಾತೂ ಇಲ್ಲ.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಮೊಬೈಲಿನಲ್ಲಿ ಇಂಟರ್ನೆಟ್ ಆರ್ಕೈವ್ ತಾಣಕ್ಕೆ ಹೋಗಿ ಈ ಸಂಪುಟ ಹುಡುಕಿ. ಸ್ಕ್ಯಾನ್ ಮಾಡಿದ ಪುಟಗಳು ಪುಕ್ಕಟೆ ಸಿಗುತ್ತವೆ. ನೂರು ವರ್ಷ ಕಾಲೇಜು ಗ್ರಂಥಾಲಯದ ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿದ್ದ ಪುಸ್ತಕ ಇವತ್ತು ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಕೂತ ಹುಡುಗನ ಅಂಗೈಯಲ್ಲಿದೆ. ಡಿಜಿಟಲ್ ತಂತ್ರಜ್ಞಾನ ಮಾಡಿದ ದೊಡ್ಡ ಉಪಕಾರ ಇದು, ಅಲ್ಲಗಳೆಯುವುದು ಬೇಡ.

ಆದರೆ 'ಚಿಕ್ಕಮಗಳೂರು' ಎಂದು ಹುಡುಕಿದರೆ ಆ ಪುಸ್ತಕ ಸಿಗುವುದು ಕಷ್ಟ! ಆಗ ಈ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಊರಿನ ಹೆಸರನ್ನೋ, ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಅಮ್ರಿತಪುರ, ಅಮೃತಾಪುರ, ಅಮೃತಪುರ, ಒಂದರಲ್ಲಿ 'ಟಿ' ಮಾತ್ರ, ಇನ್ನೊಂದರಲ್ಲಿ 'ಟಿ' ಜೊತೆ 'ಎಚ್'. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಊರು. ಕನ್ನಡದ ಊರನ್ನು ಕನ್ನಡದಲ್ಲಿ ದಾಖಲಿಸಿದ್ದರೆ ಈ ಪಜೀತಿ ಇರುತ್ತಿತ್ತೇ?

ಕ್ಯಾಮೆರಾಕ್ಕೆ ಕಂಡದ್ದು

ಒದ್ದೆ ಕಾಗದದ ಕಾಲದಿಂದ ಈಗ ಮೂರು ಆಯಾಮದ ಸ್ಕ್ಯಾನಿಂಗ್ ಕಾಲಕ್ಕೆ ಬಂದಿದ್ದೇವೆ. ಯಂತ್ರ ಕಲ್ಲಿನ ಮೇಲೆ ಬೆಳಕು ಬಿಟ್ಟು, ಒಂದೊಂದು ತಗ್ಗು ಎಷ್ಟು ಆಳ, ಒಂದೊಂದು ಗೆರೆ ಎಷ್ಟು ಅಗಲ ಎಂದು ಅಳೆದು ಗಣಕದಲ್ಲಿ ಅದೇ ಕಲ್ಲನ್ನು ಮತ್ತೆ ಕಟ್ಟುತ್ತದೆ. ಕಲ್ಲಿಗೆ ನೀರು ಬೇಡ, ಮಸಿ ಬೇಡ, ಬಡಿತ ಬೇಡ. ಪರದೆಯ ಮೇಲೆ ಬೆಳಕನ್ನು ಯಾವ ಮೂಲೆಯಿಂದ ಬೇಕಾದರೂ ಬೀಳಿಸಬಹುದು. ಬರಿಗಣ್ಣಿಗೆ ಸವೆದುಹೋಗಿದೆ ಎಂದು ಕಂಡ ಅಕ್ಷರ ಆಗ ತಲೆಯೆತ್ತುತ್ತದೆ.

ಇದು ವಿದೇಶದ ಕತೆಯಲ್ಲ. ಬೆಂಗಳೂರಿನಲ್ಲಿ, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡಿಸುತ್ತ ಬಂದಿದೆ. ಆ ಕೆಲಸದ ಬೇರು ಇರುವುದು ನಿಮ್ಮಂಥ ನಗರವಾಸಿಗಳಲ್ಲಿ. ಇತಿಹಾಸದ ಪದವಿ ಇಲ್ಲದ, ಬೇರೆ ಬೇರೆ ಉದ್ಯೋಗದಲ್ಲಿದ್ದ ಕೆಲವರು ರಜಾ ದಿನಗಳಲ್ಲಿ ರೈಸ್ ಸಂಪುಟ ಹಿಡಿದು 'ಈ ಕಲ್ಲು ಈಗ ಎಲ್ಲಿದೆ?' ಎಂದು ಬಡಾವಣೆ ಬಡಾವಣೆ ಹುಡುಕತೊಡಗಿದರು. ಎಷ್ಟೋ ಕಲ್ಲುಗಳು ಕಟ್ಟಡದ ಅಡಿಪಾಯ ಸೇರಿದ್ದವು, ರಸ್ತೆಯ ಅಡಿ ಹೋಗಿದ್ದವು. ಉಳಿದವನ್ನು ಉಳಿಸಲು ಓಡಾಡಿದರು.

2018ರಲ್ಲಿ ಹೆಬ್ಬಾಳದಲ್ಲಿ ಒಂದು ಕಲ್ಲು ಬೆಳಕಿಗೆ ಬಂತು. ಕಿತ್ತಯ್ಯ ಎಂಬ ವೀರನ ಶಾಸನ. ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಬೆಂಗಳೂರಿನಲ್ಲಿ ಕನ್ನಡ ಎಷ್ಟು ಹಳೆಯದು ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ಬೇಗೂರಿನ ಕಲ್ಲಿನಲ್ಲಿ ಸುಮಾರು ಕ್ರಿ.ಶ. 890ರಲ್ಲೇ ಬೆಂಗಳೂರಿನ ಹೆಸರಿದೆ. 'ಈ ಊರು ಎಲ್ಲರದೂ, ಇಲ್ಲಿ ಕನ್ನಡ ಯಾಕೆ?' ಎನ್ನುವವರ ಮುಂದೆ ಕೂಗಾಡಬೇಕಿಲ್ಲ. ಆ ಎರಡು ಕಲ್ಲುಗಳ ಚಿತ್ರವನ್ನೂ ಪಾಠವನ್ನೂ ಮುಂದಿಡಿ, ಸಾಕು.

ದೂರವೂ ಈಗ ದೂರವಲ್ಲ. ಆದಿಕವಿ ಪಂಪನ ಮನೆತನದ ಸಂಗತಿ ಹೇಳುವ ಶಾಸನ ಇರುವುದು ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ. ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕನ್ನಡ ಶಾಸನ ಸಿಕ್ಕಿದ್ದು ಮಧ್ಯಪ್ರದೇಶದ ಜೂರಾದಲ್ಲಿ. ಗಡಿಯಾಚೆ ನಿಂತ ಈ ಕನ್ನಡ ಕಲ್ಲುಗಳನ್ನು ನೋಡಲು ಎಲ್ಲರೂ ರೈಲು ಹತ್ತಲಾರರು. ಒಳ್ಳೆಯ ಚಿತ್ರವೂ ಪಾಠವೂ ಇದ್ದರೆ ಕಾಸರಗೋಡಿನ ಕನ್ನಡ ಶಾಲೆಯ ಮಗುವೂ ಓದೀತು, ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಗುವೂ ಓದೀತು.

ತಾಳೆಗರಿಯಲ್ಲೂ ಇದೇ ಕತೆ. ಉಡುಪಿಯ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ 'ಸರ್ವಮೂಲ ಗ್ರಂಥ'ದ ಗರಿಗಳು ಕಪ್ಪಾಗಿ ಓದಲಾಗದ ಸ್ಥಿತಿಗೆ ಬಂದಿದ್ದಾಗ, ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ಸಂಗಡಿಗರು ಕಣ್ಣಿಗೆ ಕಾಣದ ಬೆಳಕಿನಲ್ಲಿ ಪಟ ತೆಗೆದು ಅಕ್ಷರಗಳನ್ನು ಎತ್ತಿದರು. ಹಂಪಿಯನ್ನು ಗಣಕದಲ್ಲಿ ಮರಳಿ ಕಟ್ಟುವ ಯತ್ನವನ್ನು ಕೇಂದ್ರ ಸರ್ಕಾರದ ವಿಜ್ಞಾನ ಇಲಾಖೆಯೇ ನಡೆಸಿದೆ. ತಂತ್ರ ಇದೆ, ತಿಳಿದವರಿದ್ದಾರೆ. ಹಾಗಾದರೆ ಕೊರತೆ ಯಾವುದು?

ಚಿತ್ರ ಬೇರೆ, ಅಕ್ಷರ ಬೇರೆ

ಕೊರತೆ ಇಲ್ಲಿದೆ. ಪಟ ತೆಗೆದರೆ ಕೆಲಸ ಮುಗಿಯಿತು ಎಂದು ನಾವು ತಿಳಿದಿದ್ದೇವೆ.

ಈ ಶಾಸನದ ಪಟವನ್ನು ಎಷ್ಟೇ ಚೆನ್ನಾಗಿ ತೆಗೆದರೂ ಗಣಕಕ್ಕೆ ಅದು ಬರೀ ಬೆಳಕು ನೆರಳು. ಅದರಲ್ಲಿ 'ಬಲ್ಲಾಳ' ಎಂಬ ಮಾತಿದೆಯೇ ಎಂದು ಹುಡುಕಿದರೆ ಸಿಗುವುದಿಲ್ಲ. ಸಿಗಬೇಕಾದರೆ ಯಾರಾದರೂ ಓದಿ ಕನ್ನಡ ಅಕ್ಷರಗಳಲ್ಲಿ ಟೈಪು ಮಾಡಬೇಕು. ಅಚ್ಚಾದ ಕನ್ನಡ ಪುಟವನ್ನು ತಾನೇ ಓದಿ ಅಕ್ಷರಕ್ಕೆ ಇಳಿಸುವ ತಂತ್ರಾಂಶಗಳು ಬಂದಿವೆ. ಹಳೆಯ ಅಚ್ಚಿನ ಒತ್ತಕ್ಷರ ಬಂದಾಗ ಅವೂ ಎಡವುತ್ತವೆ, ಮನುಷ್ಯನೇ ತಿದ್ದಬೇಕು. ಎಂಟುನೂರು ವರ್ಷದ ಹಿಂದಿನ ಕಲ್ಲಿನ ಅಕ್ಷರಕ್ಕಂತೂ ಬಲ್ಲವರ ಕಣ್ಣೇ ಗತಿ.

ಈಗ ಎಲ್ಲರೂ ಯಂತ್ರವನ್ನೇ ಪ್ರಶ್ನೆ ಕೇಳುತ್ತೀರಿ, ಅದು ಪಟಪಟ ಉತ್ತರ ಹೇಳುತ್ತದೆ. ಅದು ಕಲಿತದ್ದು ಯಾವುದರಿಂದ? ಟೈಪಾಗಿ ಬಿದ್ದಿರುವ ಬರಹದಿಂದ. ಇಂಗ್ಲಿಷಿನಲ್ಲಿ ಬೆಟ್ಟದಷ್ಟು ಬಿದ್ದಿದೆ. ಕನ್ನಡದಲ್ಲಿ ಬಿದ್ದಿರುವುದು ಕಡಿಮೆ. ನಮ್ಮ ಶಾಸನಗಳು ಬರೀ ಚಿತ್ರಗಳಾಗಿಯೇ ಉಳಿದರೆ, ನಾಳೆಯ ಯಂತ್ರ ಕನ್ನಡದ ಚರಿತ್ರೆಯನ್ನು ಇಂಗ್ಲಿಷಿನವರು ಬರೆದದ್ದರಿಂದಲೇ ಕಲಿತು ನಮಗೇ ಪಾಠ ಹೇಳುತ್ತದೆ. ಆಗ ತಪ್ಪು ಯಾರದು? ಯಂತ್ರದ್ದೇ?

ಇನ್ನೊಂದು ಸಂಗತಿ ಕೇಳಿ. ಹಳಗನ್ನಡದಲ್ಲಿ ಎರಡು ಅಕ್ಷರಗಳಿದ್ದವು, ಈಗ ಬಳಕೆಯಲ್ಲಿಲ್ಲ. ಒಂದು ಱ, ಇನ್ನೊಂದು ೞ. ಹಳೆಯ ಶಾಸನ ಟೈಪು ಮಾಡಲು, ಪಂಪನನ್ನು ಟೈಪು ಮಾಡಲು ಇವು ಬೇಕೇ ಬೇಕು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಅಂಕಿ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲಿ ಬಂತು. ಕನ್ನಡಕ್ಕೂ ಜಾಗ ಸಿಕ್ಕಿತು. ಅಲ್ಲಿ ೞ ಅಕ್ಷರಕ್ಕೆ ಇಟ್ಟ ಹೆಸರೇನು ಗೊತ್ತೇ? 'ಕನ್ನಡ ಅಕ್ಷರ ಫ'! ಇಂಗ್ಲಿಷಿನ 'ಎಫ್', 'ಎ'! ನಗಬೇಡಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಅವರ ನಿಯಮ. ಹಾಗಾಗಿ ತಪ್ಪು ಗೊತ್ತಾದ ಮೇಲೂ ಆ ಹೆಸರು ಹಾಗೇ ಉಳಿಯಿತು. ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಿದ್ದಾರೆ, ಅಷ್ಟೆ. ಜಗತ್ತಿನ ಎಲ್ಲ ಗಣಕಗಳೂ ಒಪ್ಪಿಕೊಂಡ ಪಟ್ಟಿಯಲ್ಲಿ ಪಂಪನ ಕಾಲದ ಅಕ್ಷರ ಇವತ್ತಿಗೂ 'ಫ' ಎಂದೇ ಕೂತಿದೆ. ನಮ್ಮ ಅಕ್ಷರದ ಪಟ್ಟಿಯ ಮೇಲೆ ಅಕ್ಷರ ಬಲ್ಲವರ ಕಣ್ಣು ಬೀಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮವರು ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಕೆ. ಪಿ. ರಾವ್ ಕನ್ನಡಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು 'ನುಡಿ' ತಂದಿತು. ಮನೆಮನೆಯಲ್ಲಿ ಕನ್ನಡ ಟೈಪಾದದ್ದು ಇಂಥವರಿಂದ. ಆಮೇಲೆ ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿದ 'ವಚನ ಸಂಚಯ' ಬಂತು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಇವುಗಳಲ್ಲಿ ಹೆಚ್ಚಿನವು ಯಾವ ದೊಡ್ಡ ಅನುದಾನಕ್ಕೂ ಕಾಯದೆ, ಕನ್ನಡದ ಮೇಲಿನ ಪ್ರೀತಿಯಿಂದ ನಡೆದ ಕೆಲಸಗಳು.

1196ರ ಕಲ್ಲು, 1996ರ ಫ್ಲಾಪಿ

ಗಣಕಕ್ಕೆ ಏರಿದ್ದೆಲ್ಲ ಚಿರಂಜೀವಿ ಎಂಬ ಭ್ರಮೆಯೂ ಬೇಡ. 1990ರ ದಶಕದ ಕನ್ನಡ ಪತ್ರಿಕೆಗಳನ್ನು, ಕರಪತ್ರಗಳನ್ನು, ಪುಸ್ತಕಗಳನ್ನು ಟೈಪು ಮಾಡಿದ್ದು ಯೂನಿಕೋಡಿನಲ್ಲಲ್ಲ. ಒಂದೊಂದು ಕಂಪನಿಗೆ ಒಂದೊಂದು ಫಾಂಟು, ಒಂದರ ಅಕ್ಷರ ಇನ್ನೊಂದಕ್ಕೆ ಅರ್ಥವಾಗದು. ಆ ಕಡತವನ್ನು ಈಗ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಡಾಲರ್ ಗುರುತು ಕಲಸಿದ ಗೊಜ್ಜು! ಅದನ್ನು ಇಟ್ಟಿದ್ದ ಫ್ಲಾಪಿಗಳನ್ನು ಓದುವ ಯಂತ್ರವೇ ಅಂಗಡಿಯಲ್ಲಿ ಸಿಗುವುದಿಲ್ಲ.

1196ರ ಕಾಲದ ಕಲ್ಲಿನ ಮಾತು ಇವತ್ತಿಗೂ ಓದಲು ಬರುತ್ತದೆ. 1996ರ ಫ್ಲಾಪಿಯಲ್ಲಿಟ್ಟ ಮಾತು ಓದಲು ಬರುವುದಿಲ್ಲ. ಎಂಟುನೂರು ವರ್ಷ ಬಾಳಿದ್ದು ಯಾವುದು, ಮೂವತ್ತು ವರ್ಷಕ್ಕೆ ಸತ್ತದ್ದು ಯಾವುದು, ನೀವೇ ಹೇಳಿ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆ ನೆನಪಿದೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲುದಾರ. ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಮುಂದೆ ಆ ತಾಣವೇ ನಿಂತುಹೋಯಿತು. ಪುಸ್ತಕಗಳು ಉಳಿದದ್ದು ಬೇರೆಯವರು ಪ್ರತಿ ಮಾಡಿ ಇಂಟರ್ನೆಟ್ ಆರ್ಕೈವಿನಲ್ಲಿ ಇಟ್ಟದ್ದರಿಂದ. ಇದರಿಂದ ಎರಡು ಪಾಠ. ಒಂದೇ ಕಡೆ ಇಟ್ಟದ್ದು ಉಳಿಯುವುದಿಲ್ಲ. ಬೀಗ ಹಾಕಿ ಇಟ್ಟದ್ದಂತೂ ಉಳಿಯುವುದೇ ಇಲ್ಲ.

ಆದ್ದರಿಂದ 'ಸ್ಕ್ಯಾನ್ ಆಯಿತಲ್ಲ, ಇನ್ನು ಕಲ್ಲು ಏನಾದರೇನು' ಎನ್ನುವ ಮಾತು ಯಾರ ಬಾಯಿಂದ ಬಂದರೂ ಒಪ್ಪಬೇಡಿ. ಇಲ್ಲಿನ ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಉಳಿಗೆ ಮೃದು, ಅದಕ್ಕೇ ಇಷ್ಟು ಸೂಕ್ಷ್ಮ ಕೆತ್ತನೆ. ಅಷ್ಟೇ ಬೇಗ ಅದಕ್ಕೆ ಗಾಯವೂ ಆಗುತ್ತದೆ. ಎಣ್ಣೆ, ಕುಂಕುಮ, ಸುಣ್ಣ, ಚೂಪು ಕಲ್ಲಿನಿಂದ ಗೀಚಿದ ಪ್ರೇಮಿಗಳ ಹೆಸರು, ಎಲ್ಲವೂ ಅದನ್ನು ತಿನ್ನುತ್ತವೆ. ನಕಲು ಎಷ್ಟೇ ಚೆನ್ನಾಗಿದ್ದರೂ ಅದು ಕಲ್ಲಿಗೆ ಕಾವಲುಗಾರನಾಗಬೇಕು, ಕಲ್ಲಿನ ಜಾಗಕ್ಕೆ ಬಂದು ಕೂರಬಾರದು.

ಬಾಗಿಲ ಕೀಲಿ ಯಾರ ಬಳಿ?

ಈಗ ಮುಖ್ಯ ಮಾತಿಗೆ ಬರುತ್ತೇನೆ.

2023ರ ಫೆಬ್ರವರಿಯ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ 'ಭಾರತ್ ಶ್ರೀ' ಎಂಬ ಯೋಜನೆ ಘೋಷಿಸಿತು. ದೇಶದ ಶಾಸನಗಳ ಡಿಜಿಟಲ್ ಭಂಡಾರ. ಮೊದಲ ಹಂತದಲ್ಲೇ ಒಂದು ಲಕ್ಷ ಶಾಸನ. ಅದಕ್ಕೆ ಡಿಜಿಟಲ್ ಶಾಸನ ಸಂಗ್ರಹಾಲಯ ಹೈದರಾಬಾದಿನಲ್ಲಿ. ಕೆಲಸ ಒಳ್ಳೆಯದು, ಬೇಡ ಎನ್ನುವುದಿಲ್ಲ. ಆದರೆ ಕನ್ನಡ ಶಾಸನಗಳು ಆ ಭಂಡಾರ ಸೇರಿದಾಗ ಅವುಗಳ ಹೆಸರು, ಊರು, ಸಾರಾಂಶ, ಹುಡುಕುವ ಪುಟ ಯಾವ ಭಾಷೆಯಲ್ಲಿರಬೇಕು? ಇಂಗ್ಲಿಷ್ ಮತ್ತು ಹಿಂದಿ ಸಾಕು ಎಂದು ಯಾರೋ ಮೇಜಿನ ಹಿಂದೆ ಕೂತು ತೀರ್ಮಾನಿಸಿಬಿಟ್ಟರೆ? ಕನ್ನಡದಲ್ಲೇ ಬರೆದ ಕಲ್ಲನ್ನು ಕನ್ನಡಿಗ ಹುಡುಕಲು ಹಿಂದಿಯ ಬಾಗಿಲಲ್ಲಿ ನಿಲ್ಲಬೇಕೇ?

ನೆರೆಯವರಿಂದ ಕಲಿಯಬೇಕಾದದ್ದಿದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಅಲ್ಲಿ ಹಲವು ಭಾಷೆಗಳ ಪಡಿಯಚ್ಚುಗಳಿವೆ. ತಮಿಳಿನವುಗಳಿಗಾಗಿ ತಮಿಳರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2021ರಲ್ಲಿ ಮದ್ರಾಸ್ ಹೈಕೋರ್ಟು ಅವನ್ನು ಚೆನ್ನೈಗೆ ಸಾಗಿಸಬೇಕೆಂದು ಆದೇಶ ನೀಡಿತು. ಅವರನ್ನು ಬೈಯಬೇಡಿ. ತಮ್ಮ ಭಾಷೆಯ ಒಂದು ಹಾಳೆಗಾಗಿ ಹೋರಾಡುವ ಜನ ಅವರು. ಮೈಸೂರಿನಲ್ಲಿ ನಮ್ಮ ನೆಲದಲ್ಲೇ ಇರುವ ಕನ್ನಡ ಪಡಿಯಚ್ಚುಗಳ ಬಗ್ಗೆ ನಾವು ಒಂದು ಪತ್ರ ಬರೆದಿದ್ದೇವೆಯೇ? ಕನಿಷ್ಠ ಒಂದು ಪ್ರಶ್ನೆ ಕೇಳಿದ್ದೇವೆಯೇ? ಕನ್ನಡಿಗರ ನಿರಭಿಮಾನಕ್ಕೆ ಬೇರೆಯವರು ಕಾರಣರಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಾವೆಲ್ಲ ಹೆಮ್ಮೆಪಟ್ಟೆವು. ಪಟ್ಟಿ ಸೇರಿದ ಊರಿಗೆ ಹಣ ಬರುತ್ತದೆ, ಯಂತ್ರ ಬರುತ್ತದೆ, ಪ್ರವಾಸಿ ಬರುತ್ತಾನೆ. ಪಟ್ಟಿ ಸೇರದ ಅಮೃತಾಪುರಕ್ಕೆ? ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಈ ಗುಡಿ ಇದೆ, ಸರಿ. ಆದರೆ ಜನ್ನನ ಹೆಸರು ಕೇಳಿ ಇಲ್ಲಿಗೆ ಬರುವ ಕನ್ನಡದ ವಿದ್ಯಾರ್ಥಿಗೆ, ಕಲ್ಲಿನ ಮುಂದೆ ನಿಂತು ಮೊಬೈಲು ತೆರೆದರೆ, ಇಡೀ ಶಾಸನದ ಪಾಠ ಇವತ್ತಿನ ಕನ್ನಡ ಅಕ್ಷರದಲ್ಲಿ, ಕೆಳಗೆ ಸರಳ ಕನ್ನಡದ ಅರ್ಥದೊಂದಿಗೆ ಸಿಗಬೇಕು. ಇದು ದುಬಾರಿ ಕೆಲಸವಲ್ಲ. ಮನಸ್ಸು ಬೇಕು, ಹತ್ತು ಜನ ಬೇಕು.

ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತಲ್ಲ, ಆಗ ನಮ್ಮ ಪರವಾಗಿ ಸಾಕ್ಷಿ ಹೇಳಿದ್ದು ಯಾರು? ಕಲ್ಲುಗಳು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ. ಅದು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬೀಳದಿದ್ದರೆ? ಕನ್ನಡ ಚಳವಳಿಯ ಮುಂದಾಳು ಡಾ. ಎಂ. ಚಿದಾನಂದಮೂರ್ತಿ ತಮ್ಮ ಪಾಂಡಿತ್ಯ ಗಳಿಸಿದ್ದು ಶಾಸನಗಳ ಅಧ್ಯಯನದಿಂದಲೇ. ಕಲ್ಲು ಓದುವುದು, ಭಾಷೆಗಾಗಿ ಬೀದಿಗಿಳಿಯುವುದು, ಎರಡೂ ಒಂದೇ ಕೆಲಸ ಎಂದು ಬದುಕಿ ತೋರಿಸಿದವರು ಅವರು.

ನೀವು ಮಾಡಬೇಕಾದದ್ದು

ಹಾಗಾದರೆ ಏನು ಮಾಡಬೇಕು? ಘೋಷಣೆ ಕೂಗಿ ಬಸ್ಸು ಹತ್ತಿದರೆ ಸಾಲದು. ಕೈಗೆ ಕೆಲಸ ಕೊಡುತ್ತೇನೆ, ಬರೆದುಕೊಳ್ಳಿ.

ಮೊದಲನೆಯದು, ಪಟ ತೆಗೆಯುವುದನ್ನು ಕಲಿಯಿರಿ. ಪುರಾತತ್ವ ಇಲಾಖೆಯ ಹೆಚ್ಚಿನ ಸ್ಮಾರಕಗಳ ಆವರಣದಲ್ಲಿ ಪಟ ತೆಗೆಯಲು 2018ರಿಂದ ಮುಕ್ತ ಅವಕಾಶವಿದೆ. ಸ್ಟ್ಯಾಂಡು, ಡ್ರೋನು ಇವಕ್ಕೆ ಮಾತ್ರ ಅನುಮತಿ ಬೇಕು. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಒಂದೇ ಪಟದಲ್ಲಿ ಮುಗಿಸಬೇಡಿ. ಸ್ವಲ್ಪ ಸ್ವಲ್ಪ ಸರಿಯುತ್ತ, ಹಿಂದಿನ ಪಟದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ಹತ್ತಾರು ಪಟ ತೆಗೆದರೆ, ಅವನ್ನೇ ಸೇರಿಸಿ ಮೂರು ಆಯಾಮದ ಪ್ರತಿ ಮಾಡುವ ತಂತ್ರಾಂಶಗಳಿವೆ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ, ಹಿಟ್ಟು ಬಳಿಯಬೇಡಿ, ನೀರು ಎರಚಬೇಡಿ. ಪೂಜೆ ನಡೆಯುವ ಕಡೆ ಅರ್ಚಕರನ್ನು ಕೇಳಿ, ಅವರು ಬೇಡ ಎಂದರೆ ಬೇಡ.

ಎರಡನೆಯದು, ಟೈಪು ಮಾಡಿ. ರೈಸ್ ತೀರಿಕೊಂಡದ್ದು 1927ರಲ್ಲಿ. ನಮ್ಮ ಕಾನೂನಿನಂತೆ ಬರೆದವರು ತೀರಿದ ಅರವತ್ತು ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ. ಆ ಸಂಪುಟಗಳು ಈಗ ನಿಮ್ಮ ಸ್ವತ್ತು. ದಿನಕ್ಕೆ ಹತ್ತು ಸಾಲು ಸಾಕು. ಒಂದು ಕಾಲೇಜಿನ ಇಪ್ಪತ್ತು ಜನ ಸೇರಿದರೆ ದಿನಕ್ಕೆ ಇನ್ನೂರು ಸಾಲು, ಒಂದು ವರ್ಷದಲ್ಲಿ ಈ ತಾಲೂಕಿನ ಶಾಸನಗಳು ಎದ್ದು ನಿಲ್ಲುತ್ತವೆ. ಯೂನಿಕೋಡಿನಲ್ಲೇ ಮಾಡಿ. ಱ, ೞ ಬಂದರೆ ಅವನ್ನೇ ಬಳಸಿ, ನಿಮಗೆ ತೋಚಿದ ಹಾಗೆ ತಿದ್ದಬೇಡಿ. ಕನ್ನಡ ವಿಕಿಸೋರ್ಸ್‌ನಂಥ ಮುಕ್ತ ಜಾಗದಲ್ಲಿ ಇಡಿ, ಇನ್ನೊಬ್ಬರು ತಪ್ಪು ತಿದ್ದಲಿ.

ಮೂರನೆಯದು, ಕನ್ನಡದಲ್ಲಿ ಹೆಸರಿಡಿ. ನೀವು ಅಂತರ್ಜಾಲಕ್ಕೆ ಹಾಕುವ ಒಂದೊಂದು ಪಟದ ಕೆಳಗೂ ಊರು, ತಾಲೂಕು, ಗುಡಿ, ಕಾಲ ಇವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಬೇಕಿದ್ದರೆ ಇಂಗ್ಲಿಷು ಆಮೇಲೆ. ಹಳೆಯ ಹೆಸರನ್ನೂ ಹಾಕಿ. ಕಡೂರು ಜಿಲ್ಲೆ ಎಂದು ಹುಡುಕಿದವನಿಗೂ ಸಿಗಲಿ, ಚಿಕ್ಕಮಗಳೂರು ಎಂದು ಹುಡುಕಿದವನಿಗೂ ಸಿಗಲಿ.

ನಾಲ್ಕನೆಯದು, ಊರವರನ್ನು ಬಿಟ್ಟು ಮಾಡಬೇಡಿ. ನೀವು ಬೆಂಗಳೂರಿನಿಂದ ಬರುತ್ತೀರಿ, ಸಂಜೆ ಹೋಗುತ್ತೀರಿ. ಈ ಕಲ್ಲನ್ನು ದಿನವೂ ನೋಡುವವರು ಇಲ್ಲಿಯ ಜನ. ನೀವು ಮಾಡಿದ ಪ್ರತಿಯನ್ನು ಇಲ್ಲಿಯ ಶಾಲೆಗೂ ಪಂಚಾಯಿತಿಗೂ ಕೊಟ್ಟುಹೋಗಿ. ಅಕ್ಕಪಕ್ಕದ ಹೊಲದಲ್ಲಿ, ಕೆರೆ ಏರಿಯಲ್ಲಿ ಬಿದ್ದ ವೀರಗಲ್ಲು ಮಾಸ್ತಿಕಲ್ಲು ಎಲ್ಲಿವೆ ಎಂದು ಅವರಿಗೇ ಗೊತ್ತು, ಯಾವ ಉಪಗ್ರಹಕ್ಕೂ ಗೊತ್ತಿಲ್ಲ.

ಇನ್ನು ಸರ್ಕಾರಗಳ ಮುಂದೆ ನಮ್ಮ ಹಕ್ಕೊತ್ತಾಯ. ಕನ್ನಡ ಶಾಸನ ಯಾವ ಭಂಡಾರಕ್ಕೆ ಹೋದರೂ ಅದರ ವಿವರ ಮೊದಲು ಕನ್ನಡದಲ್ಲಿರಬೇಕು. ಕನ್ನಡದಲ್ಲಿ ಹುಡುಕಲು ಬರಬೇಕು. ಒಂದು ಪೂರ್ತಿ ಪ್ರತಿ ಕರ್ನಾಟಕದಲ್ಲಿರಬೇಕು. ಪಟವೂ ಪಾಠವೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮುಕ್ತವಾಗಿರಬೇಕು, ಜನರ ತೆರಿಗೆಯಿಂದ ಮಾಡಿದ್ದಕ್ಕೆ ಜನರ ಮುಂದೆ ಬೀಗ ಇರಬಾರದು. ವಿಶ್ವವಿದ್ಯಾಲಯಗಳಲ್ಲಿ ಹಳಗನ್ನಡ ಲಿಪಿ ಓದುವ ವಿದ್ಯೆಗೆ ಜಾಗ ಇರಬೇಕು, ಓದಿ ಬಂದವರಿಗೆ ಕೆಲಸ ಇರಬೇಕು. ಓದುವವರೇ ಇಲ್ಲದ ಮೇಲೆ ಒಂದು ಲಕ್ಷ ಶಾಸನ ಸ್ಕ್ಯಾನ್ ಮಾಡಿ ಯಾರಿಗೆ ಕೊಡುತ್ತೀರಿ?

ಗೆಳೆಯರೇ, ಎಂಟುನೂರು ವರ್ಷದ ಹಿಂದೆ ಒಬ್ಬ ದಂಡನಾಯಕ ಗುಡಿ ಕಟ್ಟಿಸಿದಾಗ, ಅದರ ಕತೆಯನ್ನು ಈ ನೆಲದ ಭಾಷೆಯಲ್ಲೇ, ಈ ನೆಲದ ಶ್ರೇಷ್ಠ ಕವಿಯ ಕೈಯಿಂದಲೇ ಬರೆಸಬೇಕು ಎಂಬ ತಿಳಿವಳಿಕೆ ಆ ಕಾಲಕ್ಕೆ ಇತ್ತು. ಬರೆದದ್ದನ್ನು ಒಳಗೆ ಮುಚ್ಚಿಡದೆ, ಬರುವವರೆಲ್ಲ ನೋಡುವ ಕಡೆ ನಿಲ್ಲಿಸಿದರು. ಭಾಷೆ ಕನ್ನಡ, ಜಾಗ ಬಯಲು. ಗಣಕದ ಕಾಲಕ್ಕೂ ನಾವು ಕೇಳುತ್ತಿರುವುದು ಅಷ್ಟನ್ನೇ. ಕೇಳುವುದಷ್ಟೇ ಅಲ್ಲ, ನಮ್ಮ ಪಾಲ ಕೆಲಸ ಇವತ್ತೇ ಶುರುವಾಗಲಿ. ಮೊದಲ ಹತ್ತು ಸಾಲು ಯಾರು ಟೈಪು ಮಾಡುತ್ತೀರಿ, ಕೈ ಎತ್ತಿ.

ಸಿರಿಗನ್ನಡಂ ಗೆಲ್ಗೆ!